ಊರಿನ ಮಕ್ಕಳ ಹಲ್ಲಿಗೆ ಯಾವ ಕಾರ್ಯಕ್ರಮ ಒಳ್ಳೆಯದು? ಶಿಬಿರ, ಶಾಲೆಯಲ್ಲಿ ಹಲ್ಲುಜ್ಜಿಸುವುದು, ವಾರ್ನಿಷ್, ಮನೆ ಭೇಟಿ: ಒಂದು ಹೋಲಿಕೆ

ಹಳೆ ವಿದ್ಯಾರ್ಥಿಗಳ ಸಂಘದ ಕೈಯಲ್ಲಿ ಸ್ವಲ್ಪ ಹಣವಿದೆ. ಅಥವಾ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, 'ಹಲ್ಲುನೋವು ಅಂತ ರಾತ್ರಿಯೆಲ್ಲ ಅಳ್ತಾನೆ ಸಾರ್, ಬೆಳಿಗ್ಗೆ ಶಾಲೆಗೆ ಏಳೋದೇ ಇಲ್ಲ' ಎಂದಿದ್ದಾರೆ. ಇಂಥ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ: 'ಒಂದು ದಂತ ತಪಾಸಣಾ ಶಿಬಿರ ಮಾಡಿಸಿಬಿಡೋಣ.' ಶಾಮಿಯಾನ, ಬ್ಯಾನರು, ಅತಿಥಿಗಳಿಗೆ ಹಾರ, ಮಕ್ಕಳಿಗೊಂದು ಪೇಸ್ಟು. ಸಂಜೆಯೊಳಗೆ ಕೆಲಸ ಮುಗಿಯುತ್ತದೆ.

ಶಿಬಿರ ಬೇಡ ಎನ್ನುವುದು ನನ್ನ ವಾದವಲ್ಲ. ಆದರೆ ಅದೊಂದೇ ದಾರಿಯಲ್ಲ, ಬಹುತೇಕ ಊರುಗಳಿಗೆ ಅದು ಮೊದಲ ಆಯ್ಕೆಯೂ ಆಗಬಾರದು. ವರ್ಷದಲ್ಲಿ ಒಂದು ದಿನ ಬಂದುಹೋಗುವ ಕಾರ್ಯಕ್ರಮಕ್ಕಿಂತ, ಯಾರೂ ಬರದ ಉಳಿದ ದಿನಗಳಲ್ಲೂ ನಡೆಯುವ ಕಾರ್ಯಕ್ರಮಕ್ಕೆ ದುಡ್ಡು ಹಾಕಿ. ಇದು ನನ್ನ ಗಟ್ಟಿ ನಿಲುವು. ಕಾರಣಗಳನ್ನು ಕೆಳಗೆ ಕೊಟ್ಟಿದ್ದೇನೆ. ನಿಮ್ಮ ಊರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಓದಿ ನೀವೇ ತೀರ್ಮಾನಿಸಿ.

ಸಮಸ್ಯೆ ಎಷ್ಟು ದೊಡ್ಡದು ಎಂಬುದು ಗೊತ್ತಿರಲಿ. ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳಲ್ಲಿ ಶೇ 51.9ರಷ್ಟು ಮಂದಿಗೆ, 12 ವರ್ಷದವರಲ್ಲಿ ಶೇ 53.8ರಷ್ಟು ಮಂದಿಗೆ, 15 ವರ್ಷದವರಲ್ಲಿ ಶೇ 63.1ರಷ್ಟು ಮಂದಿಗೆ ಹುಳುಕು ಹಲ್ಲು ಕಂಡುಬಂದಿತ್ತು. ಅಂದರೆ ಅಂಗನವಾಡಿ ಬಿಟ್ಟು ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ಬಾಯಲ್ಲಿ ಆಗಲೇ ತೂತು ಬಿದ್ದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಲೆಕ್ಕದಲ್ಲಿ, ಹಾಲು ಹಲ್ಲು ಹುಳುಕಾದ ಮಕ್ಕಳು ಜಗತ್ತಿನಲ್ಲಿ ಸುಮಾರು 51 ಕೋಟಿ.

ಹುಳುಕು ಹುಟ್ಟುವ ಬಗೆ ಸರಳ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರದ ಖನಿಜವನ್ನು ಕರಗಿಸುತ್ತದೆ. ಜೊಲ್ಲು ಆ ಖನಿಜವನ್ನು ಮತ್ತೆ ತುಂಬಿಕೊಡುತ್ತದೆ, ಪೇಸ್ಟಿನಲ್ಲಿ ಬೆರೆಸುವ ಫ್ಲೋರೈಡ್ ಎಂಬ ಖನಿಜಾಂಶ ಇದ್ದರೆ ಈ ತುಂಬುವ ಕೆಲಸ ಬೇಗ ಆಗುತ್ತದೆ, ಗಟ್ಟಿಯಾಗಿಯೂ ಆಗುತ್ತದೆ. ದಿನಕ್ಕೆ ಏಳೆಂಟು ಸಲ ಬಿಸ್ಕತ್ತು, ಚಾಕಲೇಟು, ಸಿಹಿ ಟೀ ಹೋಗುವ ಬಾಯಲ್ಲಿ ಕರಗುವುದೇ ಹೆಚ್ಚು, ತುಂಬುವುದು ಕಡಿಮೆ. ಆದ್ದರಿಂದ ಯಾವ ಕಾರ್ಯಕ್ರಮವನ್ನು ಅಳೆಯುವಾಗಲೂ ಎರಡು ಪ್ರಶ್ನೆ ಹಾಕಿ. ಇದರಿಂದ ಮಗುವಿನ ಹಲ್ಲಿಗೆ ದಿನವೂ ಫ್ಲೋರೈಡ್ ತಾಗುತ್ತದೆಯೇ? ಸಕ್ಕರೆ ಬಾಯಿಗೆ ಹೋಗುವ ಸಲ ಕಡಿಮೆಯಾಗುತ್ತದೆಯೇ? ದಂತವೈದ್ಯರು ಹಲ್ಲಿನ ಮೇಲೇ ನೇರವಾಗಿ ಮಾಡುವ ಕೆಲಸ ಬಿಟ್ಟರೆ, ಎರಡಕ್ಕೂ 'ಇಲ್ಲ' ಎಂಬ ಉತ್ತರ ಬಂದ ಕಾರ್ಯಕ್ರಮ ಎಷ್ಟೇ ಅದ್ದೂರಿಯಾಗಿದ್ದರೂ ಮಕ್ಕಳ ಹಲ್ಲಿಗೆ ಲಾಭವಿಲ್ಲ.

ತಪಾಸಣಾ ಶಿಬಿರ

ಶಿಬಿರಕ್ಕೆ ತನ್ನದೇ ಶಕ್ತಿಯಿದೆ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯ ಕಾಲೇಜುಗಳಿವೆ. ಪ್ರತಿ ಕಾಲೇಜಿನಲ್ಲೂ ಸಮುದಾಯ ದಂತ ಆರೋಗ್ಯವನ್ನೇ ನೋಡಿಕೊಳ್ಳುವ ಒಂದು ವಿಭಾಗವಿರುತ್ತದೆ, ಹಳ್ಳಿಗೆ ಹೋಗಿ ಶಿಬಿರ ನಡೆಸುವುದು ಅವರ ಪಾಠದ ಭಾಗವೇ. ಕೇಳಿದರೆ ಬರುತ್ತಾರೆ, ಬಹುತೇಕ ಖರ್ಚಿಲ್ಲದೆ ಬರುತ್ತಾರೆ. ಊರವರ ಗಮನ ಒಂದು ದಿನದ ಮಟ್ಟಿಗಾದರೂ ಮಕ್ಕಳ ಬಾಯಿಯ ಕಡೆ ತಿರುಗುತ್ತದೆ.

ಕೊರತೆ ಕಾಣುವುದು ಮಾರನೇ ದಿನ. ನೂರು ಮಕ್ಕಳನ್ನು ನೋಡಿ ಐವತ್ತು ಮಕ್ಕಳ ಕೈಗೆ 'ಹೆಚ್ಚಿನ ಚಿಕಿತ್ಸೆ ಬೇಕು' ಎಂಬ ಚೀಟಿ ಕೊಡುತ್ತಾರೆ. ಚೀಟಿ ಬ್ಯಾಗಿನೊಳಗೆ ಹೋಗುತ್ತದೆ. ಅಪ್ಪ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಹಾಕಿಕೊಂಡು ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಮಗುವಿಗೆ ಅವತ್ತು ನೋವಿಲ್ಲದಿದ್ದರೆ ಯಾರು ಹೋಗುತ್ತಾರೆ? ಇದು ನಮ್ಮ ಹಳ್ಳಿಗಳ ಪಾಡು ಮಾತ್ರವಲ್ಲ. ಇಂಗ್ಲೆಂಡಿನ ವಾಯವ್ಯ ಭಾಗದ ಶಾಲೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತಪಾಸಣೆ ಮಾಡಿ ಚೀಟಿ ಕೊಟ್ಟ ಶಾಲೆಗಳಲ್ಲೂ ತಪಾಸಣೆಯೇ ಮಾಡದ ಶಾಲೆಗಳಲ್ಲೂ ಹುಳುಕಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ವಿಷಯ ಬಹಳಷ್ಟು ದಾನಿಗಳಿಗೆ ತಿಳಿದಿರುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) 2013ರಿಂದಲೇ ನಡೆಯುತ್ತಿದೆ. ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಲೆಯಿಂದ ಕಾಲಿನವರೆಗೆ ನೋಡಬೇಕೆಂಬುದು ಅದರ ವ್ಯವಸ್ಥೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಹುಳುಕು ಯಾರಿಗಿದೆ ಎಂದು ಪತ್ತೆ ಮಾಡುವ ಕೆಲಸಕ್ಕೆ ಸರ್ಕಾರದ ವ್ಯವಸ್ಥೆ ಇದ್ದೇ ಇದೆ. ಅದನ್ನೇ ಮತ್ತೊಮ್ಮೆ ಮಾಡಲು ನಿಮ್ಮ ಹಣ ಯಾಕೆ? ಆ ಹಣದಲ್ಲಿ ಚೀಟಿ ಸಿಕ್ಕ ಮಕ್ಕಳನ್ನು ಒಂದು ಟೆಂಪೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದು ವಾಪಸ್ ತಂದುಬಿಡಿ. ಜೊತೆಗೆ ಒಬ್ಬ ಶಿಕ್ಷಕರು, ಇಬ್ಬರು ತಾಯಂದಿರು ಇರಲಿ. ನೂರು ಬ್ಯಾನರಿಗಿಂತ ಇದು ಮೇಲು.

ಶಿಬಿರವನ್ನೇ ಆರಿಸಿಕೊಳ್ಳುವುದಾದರೆ, ಬರುವ ಕಾಲೇಜಿನವರನ್ನು ಮೊದಲೇ ಕೇಳಿ: ಅವತ್ತೇ ಶಾಲೆಯಲ್ಲೇ ಚಿಕಿತ್ಸೆ ಕೊಡುತ್ತೀರಾ? ಆರು ತಿಂಗಳ ನಂತರ ಮತ್ತೆ ಬರುತ್ತೀರಾ? ಚೀಟಿ ಪಡೆದವರಲ್ಲಿ ಎಷ್ಟು ಮಂದಿ ಬಂದರು ಎಂಬ ಪಟ್ಟಿಯನ್ನು ಶಾಲೆಗೆ ಕಳಿಸುತ್ತೀರಾ? ಮೂರಕ್ಕೂ 'ಹೌದು' ಎಂದರೆ ಅದು ಒಳ್ಳೆಯ ಶಿಬಿರ. ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನ, ನವೆಂಬರ್ 14ರ ಮಕ್ಕಳ ದಿನ, ಈ ಎರಡು ದಿನಾಂಕಗಳ ಸುತ್ತ ಎಲ್ಲ ಶಾಲೆಗಳಿಂದಲೂ ಕರೆ ಹೋಗುತ್ತದೆ. ಬೇರೆ ತಿಂಗಳಲ್ಲಿ ಕರೆದರೆ ಪುರುಸೊತ್ತಾಗಿ ನೋಡುತ್ತಾರೆ.

ಕಾಲೇಜುಗಳ ಸಂಚಾರಿ ದಂತ ವಾಹನ ಇದರ ಇನ್ನೊಂದು ರೂಪ. ಕುರ್ಚಿ, ಬೆಳಕು, ಯಂತ್ರ ಎಲ್ಲ ಬಸ್ಸಿನೊಳಗೇ ಇರುವುದರಿಂದ ಅಲ್ಲೇ ಹಲ್ಲು ತುಂಬಿಸಬಹುದು, ಕೀಳಲೂಬಹುದು. ಮಲೆನಾಡಿನ ಒಳ ಊರುಗಳಿಗೆ, ಹಾಡಿಗಳಿಗೆ, ಆಸ್ಪತ್ರೆ ದೂರವಿರುವ ಕಡೆಗೆ ಇದು ದೊಡ್ಡ ಉಪಕಾರ. ತಾಲ್ಲೂಕು ಕೇಂದ್ರದ ಪಕ್ಕದ ಊರಿಗೆ ಇದರ ಅಗತ್ಯವಿಲ್ಲ.

ತರಗತಿಯಲ್ಲಿ ಪಾಠ, ಬೊಂಬೆಯಾಟ, ಚಿತ್ರಪಟ

ಇದು ಎಲ್ಲಕ್ಕಿಂತ ಅಗ್ಗದ್ದು. ದೊಡ್ಡ ಪ್ಲಾಸ್ಟಿಕ್ ದವಡೆ ಹಿಡಿದು ಹೀಗೆ ಉಜ್ಜಿ, ಹಾಗೆ ಉಜ್ಜಿ ಎಂದು ತೋರಿಸಿದರೆ ಮಕ್ಕಳು ಕುಣಿದು ಕಲಿಯುತ್ತಾರೆ. ಮಾರನೇ ವಾರ ಪ್ರಶ್ನೆ ಕೇಳಿದರೆ ಸರಿಯುತ್ತರವನ್ನೂ ಕೊಡುತ್ತಾರೆ. ಆದರೆ ದಶಕಗಳಿಂದ ನಡೆದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದವರು ಹೇಳುವುದೇನೆಂದರೆ, ಬರೀ ಪಾಠದಿಂದ ತಿಳಿವಳಿಕೆ ಹೆಚ್ಚುತ್ತದೆ, ಸ್ವಲ್ಪ ದಿನ ಹಲ್ಲೂ ಚೊಕ್ಕಟವಾಗಿರುತ್ತದೆ, ಹುಳುಕು ಮಾತ್ರ ಹೆಚ್ಚೇನೂ ಇಳಿಯುವುದಿಲ್ಲ. ಮನೆಯಲ್ಲಿ ಬ್ರಷ್ಷೇ ಇಲ್ಲದ ಮಗುವಿಗೆ ಬ್ರಷ್ ಹಿಡಿಯುವ ಪಾಠದಿಂದ ಏನು ಪ್ರಯೋಜನ?

ಪಾಠಕ್ಕೆ ಬೆಲೆ ಬರುವುದು ದೊಡ್ಡವರ ನಡವಳಿಕೆ ಬದಲಾದಾಗ. ಹುಟ್ಟುಹಬ್ಬಕ್ಕೆ ಇಡೀ ತರಗತಿಗೆ ಚಾಕಲೇಟು ಹಂಚುವ ರೂಢಿಯನ್ನು ಬಿಟ್ಟು ಬಾಳೆಹಣ್ಣೋ ಕಡಲೆಕಾಯಿಯೋ ಹಂಚೋಣ ಎಂದು ಎಸ್‌ಡಿಎಂಸಿ ಒಮ್ಮೆ ನಿರ್ಣಯ ಮಾಡಿದರೆ ಅದು ಹತ್ತು ಭಾಷಣಕ್ಕೆ ಸಮ. ಗೇಟಿನೆದುರಿನ ಗೂಡಂಗಡಿಯವರ ಹತ್ತಿರವೂ ಮಾತಾಡಿ, ಅವರೂ ಊರಿನವರೇ. ಪ್ರೌಢಶಾಲೆಯಾದರೆ ಗುಟ್ಕಾ, ತಂಬಾಕಿನ ಮಾತೂ ಬರಲೇಬೇಕು. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕೋಟ್ಪಾ ಕಾಯ್ದೆ ನಿಷೇಧಿಸಿದೆ. ಆ ನಿಯಮ ಗೋಡೆಯ ಫಲಕದ ಮೇಲಷ್ಟೇ ಇದೆಯೋ, ಗೂಡಂಗಡಿಯಲ್ಲೂ ಪಾಲನೆಯಾಗುತ್ತಿದೆಯೋ ನೋಡಿಕೊಳ್ಳುವುದು ಪೋಷಕರ ಕೆಲಸ.

ದಿನವೂ ಶಾಲೆಯಲ್ಲೇ ಹಲ್ಲುಜ್ಜಿಸುವುದು

ನನ್ನ ಮೊದಲ ಆಯ್ಕೆ ಇದೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮವಿದೆ. ಶಿಶುವಿಹಾರದ ಮಕ್ಕಳೆಲ್ಲ ದಿನಕ್ಕೊಮ್ಮೆ ಶಿಕ್ಷಕಿಯ ಎದುರಿನಲ್ಲಿ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುತ್ತಾರೆ. ಅಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದವರು 2003ರಲ್ಲಿ ಶೇ 45ರಷ್ಟಿದ್ದರು, 2018ರ ಹೊತ್ತಿಗೆ ಶೇ 71 ಆದರು. ಹಲ್ಲು ತುಂಬಿಸುವ, ಕೀಳುವ ಖರ್ಚಿನಲ್ಲಿ ಸರ್ಕಾರಕ್ಕೆ ಉಳಿದ ಹಣ ಕಾರ್ಯಕ್ರಮದ ಖರ್ಚನ್ನೂ ಮೀರಿತು ಎಂದು ಅಲ್ಲಿನ ಲೆಕ್ಕಾಚಾರ ತೋರಿಸಿದೆ.

ಅದು ಸಿರಿವಂತ ದೇಶದ ಮಾತು ಎನ್ನುತ್ತೀರಾದರೆ ಫಿಲಿಪ್ಪೀನ್ಸ್ ನೋಡಿ. 2006ರ ಸಮೀಕ್ಷೆಯಲ್ಲಿ ಅಲ್ಲಿ ಆರು ವರ್ಷದ ಮಕ್ಕಳಲ್ಲಿ ಶೇ 97ರಷ್ಟು ಮಂದಿಗೆ ಹುಳುಕಿತ್ತು. ದಂತವೈದ್ಯರನ್ನು ಕಾದು ಕೂರದೆ ಅವರು ಸರ್ಕಾರಿ ಶಾಲೆಯಲ್ಲಿ ಮೂರು ಕೆಲಸ ಶುರುಮಾಡಿದರು: ದಿನವೂ ಸೋಪಿನಿಂದ ಕೈತೊಳೆಯುವುದು, ದಿನವೂ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ. ಮೂರನ್ನೂ ನಡೆಸುವವರು ಶಿಕ್ಷಕರೇ. ಸಾಲಾಗಿ ತೂತು ಕೊರೆದ ಒಂದು ಉದ್ದ ಪೈಪಿನ ಮುಂದೆ ಹತ್ತಾರು ಮಕ್ಕಳು ಒಟ್ಟಿಗೆ ನಿಲ್ಲುತ್ತಾರೆ, ಸಣ್ಣ ಧಾರೆಯಲ್ಲಿ ಎಲ್ಲರ ಕೆಲಸವೂ ಆಗುತ್ತದೆ, ನೀರೂ ಉಳಿಯುತ್ತದೆ.

ನಮ್ಮ ಶಾಲೆಗಳಲ್ಲಿ ಇದಕ್ಕೆ ಜಾಗ ಆಗಲೇ ಸಿದ್ಧವಿದೆ. ಬಿಸಿಯೂಟ ಮುಗಿದ ಮೇಲೆ ಮಕ್ಕಳು ತಟ್ಟೆ ತೊಳೆಯಲು ನಲ್ಲಿಯ ಮುಂದೆ ಸಾಲು ನಿಲ್ಲುತ್ತಾರಲ್ಲ, ಅದೇ ಸಾಲನ್ನು ಹಲ್ಲುಜ್ಜಲು ಬಳಸಿಕೊಳ್ಳಿ. ತಟ್ಟೆ ಇಟ್ಟು ಬಂದ ಮಗು ತನ್ನ ಬ್ರಷ್ ತೆಗೆದುಕೊಳ್ಳುತ್ತದೆ. ಶಿಕ್ಷಕಿ ಒಂದು ಬಟಾಣಿ ಕಾಳಿನಷ್ಟು ಪೇಸ್ಟನ್ನು ಬ್ರಷ್ಷಿನ ಮೇಲೆ ಹಾಕುತ್ತಾರೆ. ಮಕ್ಕಳು ಜಗಲಿಯ ಅಂಚಿನಲ್ಲಿ ಕೂತು ಎರಡು ನಿಮಿಷ ಉಜ್ಜುತ್ತಾರೆ. ಒಂದು ಹಾಡು ಹಾಕಿದರೆ ಗಡಿಯಾರ ಬೇಕಿಲ್ಲ. ಆಮೇಲೆ ಚರಂಡಿಗೆ ಉಗಿಯಬೇಕು, ಬಾಯಿ ಮುಕ್ಕಳಿಸಬಾರದು. ಈ ಕೊನೆಯ ಮಾತು ಎಲ್ಲರಿಗೂ ವಿಚಿತ್ರ ಅನಿಸುತ್ತದೆ, ಏಕೆಂದರೆ ನಾವೆಲ್ಲ ನಾಲ್ಕು ಸಲ ಮುಕ್ಕಳಿಸಿಯೇ ಬೆಳೆದವರು. ಮುಕ್ಕಳಿಸಿದರೆ ಫ್ಲೋರೈಡೂ ನೀರಿನ ಜೊತೆ ಹೋಗಿಬಿಡುತ್ತದೆ. ನೊರೆ ಉಗಿದು ಸುಮ್ಮನಾದರೆ ತೆಳುವಾಗಿ ಹಲ್ಲಿನ ಮೇಲೆ ಉಳಿದು ಕೆಲಸ ಮಾಡುತ್ತದೆ. ನೀರು ಬೇಕಾಗುವುದು ಬ್ರಷ್ ತೊಳೆಯಲಷ್ಟೇ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಶಾಲೆಗೂ ಇದು ನಡೆಯುತ್ತದೆ.

ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನ. ಬಟಾಣಿ ಗಾತ್ರದ ಪೇಸ್ಟು ಸುಮಾರು ಕಾಲು ಗ್ರಾಂ. ಒಂದು ಮಗುವಿಗೆ ವರ್ಷಕ್ಕೆ 50 ಗ್ರಾಂ. 60 ಮಕ್ಕಳ ಶಾಲೆಗೆ 3 ಕಿಲೋ, ಅಂದರೆ 200 ಗ್ರಾಮಿನ 15 ಟ್ಯೂಬು. ಮೂರು ತಿಂಗಳಿಗೊಂದರಂತೆ ಮಗುವಿಗೆ ಶಾಲಾ ವರ್ಷದಲ್ಲಿ ಮೂರು ಬ್ರಷ್, ಕಳೆದುಹೋಗುವುದಕ್ಕೆಂದು ಒಂದಿಷ್ಟು ಹೆಚ್ಚುವರಿ ಸೇರಿಸಿ ಸುಮಾರು 200 ಬ್ರಷ್. ಇದನ್ನು ನಿಮ್ಮ ಊರಿನ ಸಗಟು ಅಂಗಡಿಯ ಬೆಲೆಗೆ ಗುಣಿಸಿ, ಪಕ್ಕದಲ್ಲಿ ಶಿಬಿರದ ಶಾಮಿಯಾನ, ಧ್ವನಿವರ್ಧಕ, ಊಟ, ಶಾಲುಹಾರದ ಖರ್ಚು ಬರೆದು ನೋಡಿ.

ಪೇಸ್ಟು ಕೊಳ್ಳುವಾಗ ಟ್ಯೂಬಿನ ಹಿಂಬದಿ ಓದಿ. ಭಾರತದಲ್ಲಿ ಪೇಸ್ಟಿನ ಫ್ಲೋರೈಡ್ ಮಿತಿ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಸಾವಿರ ಭಾಗ. ಫ್ಲೋರೈಡ್ ಇದ್ದರೆ ಎಷ್ಟಿದೆ ಎಂದು ಟ್ಯೂಬಿನ ಮೇಲೆ ನಮೂದಿಸಲೇಬೇಕೆಂಬ ನಿಯಮವೂ ಇದೆ. 1000ದ ಹತ್ತಿರ ಇರುವುದನ್ನೇ ಕೊಳ್ಳಿ. ಗಿಡಮೂಲಿಕೆಯದೆಂದು ಮಾರುವ ಎಷ್ಟೋ ಪೇಸ್ಟುಗಳಲ್ಲಿ, ಹಲ್ಲುಪುಡಿಗಳಲ್ಲಿ ಫ್ಲೋರೈಡೇ ಇರುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಬೇವಿನ ಕಡ್ಡಿಯನ್ನು ನಾನು ಹಳಿಯುವುದಿಲ್ಲ, ಆದರೆ ಐದು ವರ್ಷದ ಮಗುವಿನ ದವಡೆ ಹಲ್ಲಿನ ಗುಳಿಗೆ ಅದು ತಲುಪುವುದಿಲ್ಲ. ಫ್ಲೋರೈಡ್ ಪೇಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೇ ಸೇರಿಸಿದೆ.

ಈ ಕಾರ್ಯಕ್ರಮ ನಿಂತುಹೋಗುವುದು ಎರಡು ಕಡೆ. ಮೊದಲನೆಯದು ಬ್ರಷ್ ಇಡುವ ಜಾಗ. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುರುಕಿದರೆ ಒಬ್ಬರ ಬ್ರಷ್ಷಿನ ಎಳೆ ಇನ್ನೊಬ್ಬರದಕ್ಕೆ ತಾಗುತ್ತದೆ, ಗಲೀಜಾಗುತ್ತದೆ, ತಾಯಂದಿರು ಬೇಡ ಎನ್ನುತ್ತಾರೆ. ತೂತು ಕೊರೆದ ಹಲಗೆ ಮಾಡಿಸಿ, ಒಂದಕ್ಕೊಂದು ತಾಗದಷ್ಟು ಅಂತರ ಬಿಡಿ, ಪ್ರತಿ ತೂತಿನ ಕೆಳಗೆ ಹಾಜರಿ ಸಂಖ್ಯೆ ಬರೆಯಿರಿ. ಅದೇ ಸಂಖ್ಯೆ ಬ್ರಷ್ಷಿನ ಹಿಡಿಯ ಮೇಲೂ ಇರಲಿ. ಇನ್ನೂ ಓದಲು ಬಾರದ ಅಂಗನವಾಡಿ ಮಕ್ಕಳಿಗೆ ಸಂಖ್ಯೆಯ ಬದಲು ಮಾವು, ನವಿಲು, ಆನೆ ಚಿತ್ರ ಅಂಟಿಸಿ. ಗಾಳಿಯಾಡುವ ಕಡೆ ಇಡಿ, ಮೇಲೆ ತೆಳು ಬಟ್ಟೆ ಸಾಕು. ವಾರಕ್ಕೊಮ್ಮೆ ಹಲಗೆ ತೊಳೆಯಿರಿ.

ಎರಡನೆಯದು ಶಿಕ್ಷಕರ ಹೊರೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಹಾಜರಿ, ಸಮೀಕ್ಷೆ, ಚುನಾವಣೆ ಕೆಲಸ, ಇದರ ಮೇಲೆ ಇದೂ ಒಂದೇ ಎಂದು ಅವರು ಕೇಳಿದರೆ ಅದು ನ್ಯಾಯದ ಪ್ರಶ್ನೆ. ಆದ್ದರಿಂದ ಮುಖ್ಯ ಶಿಕ್ಷಕರಿಗೆ ಆದೇಶ ತರಿಸಿ ಶುರುಮಾಡಬೇಡಿ, ಅವರ ಜೊತೆ ಕೂತು ಮಾತಾಡಿ ಶುರುಮಾಡಿ. ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿಗೆ ಒಂದು ನಿಜವಾದ ಖಾತೆ ಕೊಡಿ: ಬ್ರಷ್ ಹಂಚುವುದು, ಹಾಡು ಹಾಕುವುದು, ಹಲಗೆ ಒಳಗಿಡುವುದು. ಆರನೇ, ಏಳನೇ ತರಗತಿ ಮಕ್ಕಳು ಚಿಕ್ಕವರ ಪಕ್ಕ ಕೂತು ಉಜ್ಜಿಸುತ್ತಾರೆ. ಪೇಸ್ಟು ಹಾಕುವ ಕೆಲಸ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ, ಸಿಹಿ ಪೇಸ್ಟನ್ನು ನೆಕ್ಕಿ ನುಂಗುವ ಮಕ್ಕಳಿರುತ್ತಾರೆ.

ವಾರ್ನಿಷ್, ಸೀಲೆಂಟ್, ಕಪ್ಪು ಔಷಧ

ಇವು ದಂತವೈದ್ಯರ ಕೈಯಿಂದ ಆಗಬೇಕಾದ ತಡೆ ಕೆಲಸಗಳು. ಕೊರೆಯುವುದಿಲ್ಲ, ಸೂಜಿಯಿಲ್ಲ, ಶಾಲೆಯ ಬೆಂಚಿನ ಮೇಲೆ ಮಲಗಿಸಿ ಮಾಡಬಹುದು.

ಫ್ಲೋರೈಡ್ ವಾರ್ನಿಷ್ ಎಂದರೆ ಸಣ್ಣ ಬ್ರಷ್ಷಿನಿಂದ ಹಲ್ಲಿಗೆ ಬಳಿಯುವ ಅಂಟಿನಂಥ ಲೇಪ. ವರ್ಷಕ್ಕೆ ಎರಡರಿಂದ ನಾಲ್ಕು ಸಲ ಬಳಿಯಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹಾಲು ಹಲ್ಲಿನ ಹುಳುಕು ಸರಾಸರಿ ಶೇ 37, ಶಾಶ್ವತ ಹಲ್ಲಿನದು ಶೇ 43 ಕಡಿಮೆಯಾಗುತ್ತದೆ. ಸಂಖ್ಯೆ ನೋಡಿ ಇದೇ ಮೇಲು ಅನಿಸಬಹುದು. ಆದರೆ ಆರು ತಿಂಗಳಿಗೊಮ್ಮೆ ತಪ್ಪದೆ ಬರುವ ತಂಡ ಬೇಕು, ಒಂದು ಸಲ ಬಳಿದು ಬಿಟ್ಟರೆ ಆ ಲಾಭವಿಲ್ಲ. ಪಕ್ಕದಲ್ಲೇ ಕಾಲೇಜಿದ್ದು ಅವರು ಬರವಣಿಗೆಯಲ್ಲಿ ಒಪ್ಪಿದರೆ ಕಣ್ಣುಮುಚ್ಚಿ ಸೇರಿಸಿಕೊಳ್ಳಿ.

ಸೀಲೆಂಟ್ ಯಾರಿಗೆ ಬೇಕು ಎಂಬುದು ತಿಳಿಯಬೇಕಾದರೆ ಒಂದನೇ ತರಗತಿಯ ಮಗುವಿನ ಬಾಯೊಳಗೆ ಬೆಳಕು ಹಿಡಿದು ನೋಡಿ. ಹಾಲು ಹಲ್ಲುಗಳು ಒಟ್ಟು ಇಪ್ಪತ್ತು, ಮೇಲೂ ಕೆಳಗೂ ಒಂದೊಂದು ಬದಿಗೆ ಐದೈದು. ಆರು ವರ್ಷದ ಸುಮಾರಿಗೆ, ಕೊನೆಯ ಹಾಲು ಹಲ್ಲಿನ ಹಿಂದೆ, ವಸಡನ್ನು ಸೀಳಿಕೊಂಡು ಆರನೆಯದೊಂದು ದೊಡ್ಡ ದವಡೆ ಹಲ್ಲು ತಲೆ ಎತ್ತುತ್ತದೆ. ಅದು ಹುಟ್ಟಲು ಯಾವ ಹಲ್ಲೂ ಬೀಳಬೇಕಾಗಿಲ್ಲ. ಆದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಇದೂ ಹಾಲು ಹಲ್ಲೇ ಎಂದುಕೊಳ್ಳುತ್ತಾರೆ. ಆದರೆ ಅದು ಸಾಯುವವರೆಗೂ ಇರಬೇಕಾದ ಹಲ್ಲು. ಅದರ ಮೇಲ್ಮೈಯಲ್ಲಿ ಆಳವಾದ ಸಂದುಗಳಿವೆ, ಅರ್ಧ ಭಾಗದ ಮೇಲೆ ಇನ್ನೂ ವಸಡಿನ ಪೊರೆ ಇರುತ್ತದೆ, ಬ್ರಷ್ಷಿನ ಎಳೆ ಆ ಸಂದಿಗೆ ಇಳಿಯುವುದಿಲ್ಲ, ಬಿಸ್ಕತ್ತಿನ ಹಿಟ್ಟು ಇಳಿಯುತ್ತದೆ. ಹತ್ತು ವರ್ಷಕ್ಕೇ ಕೀಳಿಸಿಕೊಂಡು ಬರುವ ಹಲ್ಲು ಎಷ್ಟೋ ಸಲ ಇದೇ ಆಗಿರುತ್ತದೆ. ಆ ಸಂದುಗಳನ್ನು ತೆಳುವಾದ ಪದರದಿಂದ ಮುಚ್ಚಿಬಿಡುವುದೇ ಸೀಲೆಂಟ್. ಹಲ್ಲು ಪೂರ್ತಿ ಮೇಲೆ ಬರದೆ ಒದ್ದೆಯಾಗಿದ್ದರೆ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟಿನಿಂದಲೂ ಮುಚ್ಚಬಹುದು, ಅದಕ್ಕೆ ಕರೆಂಟೂ ಬೇಡ. ಒಂದು, ಎರಡನೇ ತರಗತಿಗೊಮ್ಮೆ, ಎರಡನೇ ದೊಡ್ಡ ದವಡೆ ಹಲ್ಲು ಬರುವ ಹನ್ನೆರಡರ ವಯಸ್ಸಿಗೊಮ್ಮೆ, ಏಳನೇ ತರಗತಿಯಲ್ಲಿ. ಇಡೀ ಶಾಲೆಗೆ ಮಾಡಿಸುವ ಅಗತ್ಯವಿಲ್ಲ.

ಕಪ್ಪು ಔಷಧ ಎಂದರೆ ಸಿಲ್ವರ್ ಡೈಯಮೈನ್ ಫ್ಲೋರೈಡ್, ಅದು ಆಗಲೇ ಹುಳುಕಾದ ಹಲ್ಲಿಗೆ. ಒಂದು ಹನಿ ಬಳಿದರೆ ಬಹುಪಾಲು ಹುಳುಕು ಅಲ್ಲಿಗೇ ನಿಲ್ಲುತ್ತದೆ, ಆರು ತಿಂಗಳಿಗೆ ಮತ್ತೊಮ್ಮೆ ಬಳಿಯುತ್ತಾರೆ. ಹಲ್ಲು ಕೊರೆಯುವ ಸದ್ದಿಗೇ ಬೆದರುವ ಮೂರು ವರ್ಷದ ಮಗುವಿಗೆ ಇದಕ್ಕಿಂತ ಹಿತವಾದ ಚಿಕಿತ್ಸೆ ಇಲ್ಲ. ಆದರೆ ಹುಳುಕಿನ ಭಾಗ ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಮುಂದಿನ ಹಲ್ಲಾದರೆ ನಗುವಾಗ ಕಾಣುತ್ತದೆ. ಬಳಿಯುವ ಮೊದಲೇ ಚಿತ್ರ ತೋರಿಸಿ ತಾಯಿ-ತಂದೆಯ ಒಪ್ಪಿಗೆ ಪಡೆಯಲೇಬೇಕು. ಹೇಳದೆ ಬಳಿದರೆ, ಸಂಜೆ ಕಪ್ಪು ಹಲ್ಲಿನ ಮಗುವನ್ನು ನೋಡಿದ ಮನೆಯವರು ಮುಂದೆ ಯಾವ ಶಿಬಿರಕ್ಕೂ ಕಳಿಸುವುದಿಲ್ಲ.

ತಾಯಂದಿರ ಬಳಿಗೆ ಹೋಗುವುದು

ಶಾಲೆಗೆ ಬರುವ ಹೊತ್ತಿಗೆ ಅರ್ಧದಷ್ಟು ಮಕ್ಕಳಿಗೆ ಹುಳುಕಿರುತ್ತದೆ ಎಂದೆನಲ್ಲ, ಅದು ಶುರುವಾಗುವುದು ಒಂದು, ಎರಡನೇ ವರ್ಷದಲ್ಲಿ. ಆ ಮಗುವನ್ನು ಕಾಣಬೇಕಾದರೆ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆಯೇ ಗತಿ. ದಂತವೈದ್ಯರ ಕಣ್ಣಿಗೆ ಆ ವಯಸ್ಸಿನ ಮಗು ಬೀಳುವುದೇ ಇಲ್ಲ.

ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ಮಗು ಬಂದೇ ಬರುತ್ತದೆ. ಆ ಹೊತ್ತಿಗೆ ಸಾಮಾನ್ಯವಾಗಿ ಕೆಳಗಿನ ಎರಡು ಹಲ್ಲು ಬಂದಿರುತ್ತವೆ. ಲಸಿಕೆಯಾದ ಮೇಲೆ ಕೂರಿಸಿಕೊಳ್ಳುತ್ತಾರಲ್ಲ, ಆ ಹೊತ್ತು ಸಾಕು. ಮಗುವಿನ ಮೇಲ್ತುಟಿ ಎತ್ತಿ ನೋಡುವುದನ್ನು ತಾಯಿಗೆ ಕಲಿಸಬೇಕು. ಮುಂದೆ ಮೇಲಿನ ಹಲ್ಲು ಬಂದಾಗ ವಸಡಿನ ಅಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆಗಲೇ ಪೇಸ್ಟು ಹಚ್ಚಿ ಉಜ್ಜಿದರೆ, ರಾತ್ರಿಯ ಬಾಟಲಿ ಬಿಡಿಸಿದರೆ ಅದು ಅಲ್ಲಿಗೇ ನಿಲ್ಲಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ವೈದ್ಯರೇ ಬೇಕು. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳಲ್ಲಿ ಮೇಲಿನ ನಾಲ್ಕು ಮುಂಹಲ್ಲೇ ಮೊದಲು ಹಾಳಾಗುತ್ತವೆ, ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಯುತ್ತದೆ.

ಮನೆಯಲ್ಲಿ ಎದುರಾಗುವ ಮಾತು ಎಲ್ಲ ಕಡೆಯೂ ಒಂದೇ. ಅಜ್ಜಿ ಹೇಳುತ್ತಾರೆ: 'ಹಾಲಲ್ಲು ತಾನೆ, ಉದುರೋಗ್ತವೆ ಬುಡವ್ವ.' ಇದಕ್ಕೆ ಭಾಷಣ ಬೇಡ. 'ಮುಂದಿನವು ಆರಕ್ಕೆ, ಏಳಕ್ಕೆ ಬೀಳ್ತವೆ ಅಜ್ಜಿ, ದವಡೇವು ಬೀಳೋದು ಹತ್ತು ಹನ್ನೆರಡಕ್ಕೆ. ನಿಮ್ಮ ಮೊಮ್ಮಗಳಿಗೆ ಈಗ ಮೂರು. ಅಷ್ಟು ವರ್ಷ ನೋವು ಇಟ್ಕೊಂಡು ಮುದ್ದೆ ಹೆಂಗೆ ನುಂಗ್ತಾಳೆ?' ಎಂದರೆ ಅಜ್ಜಿ ಕೇಳಿಸಿಕೊಳ್ಳುತ್ತಾರೆ. ಮಗು ಯಾಕೆ ಸರಿಯಾಗಿ ಊಟ ಮಾಡುತ್ತಿಲ್ಲ, ಯಾಕೆ ತೂಕ ಏರುತ್ತಿಲ್ಲ ಎಂಬ ಚಿಂತೆ ಮನೆಯಲ್ಲಿ ಆಗಲೇ ಇರುತ್ತದೆ. ಹಲ್ಲಿನ ಮಾತನ್ನು ಅದಕ್ಕೆ ಸೇರಿಸಿ ಹೇಳಬೇಕು. ಬಾಟಲಿ ಬಿಡಿಸಿ ಎಂದಷ್ಟೇ ಹೇಳಿ ಎದ್ದು ಬರಬಾರದು. ಲೋಟಕ್ಕೆ ಹಾಕಿ ಕುಡಿಸುವುದು, ಹಾಲಿಗೆ ಸಕ್ಕರೆ ಹಾಕದಿರುವುದು, ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುವುದು, ಇವುಗಳಲ್ಲಿ ಆ ಮನೆಗೆ ಈ ವಾರ ಯಾವುದೊಂದು ಸಾಧ್ಯ ಎಂದು ತಾಯಿಯನ್ನೇ ಕೇಳಬೇಕು.

ಈ ದಾರಿಯ ಫಲ ನಿಧಾನ. ಫೋಟೊ ತೆಗೆಯುವಂಥದ್ದೂ ಏನಿಲ್ಲ, ಆದ್ದರಿಂದ ದಾನಿಗಳಿಗೆ ರುಚಿಸುವುದಿಲ್ಲ. ಆಶಾ ಕಾರ್ಯಕರ್ತೆಯರು ಬರುವ ಪ್ರೋತ್ಸಾಹಧನದಲ್ಲಿ ಆಗಲೇ ಮೈತುಂಬ ಕೆಲಸ ಹೊತ್ತಿದ್ದಾರೆ. ಅವರಿಂದ ಇದನ್ನು ಬಯಸುವ ಸಂಘ-ಸಂಸ್ಥೆಗಳು ತರಬೇತಿಯ ದಿನದ ಭತ್ಯೆ, ಮನೆಗೆ ಕೊಡಲು ಮಕ್ಕಳ ಬ್ರಷ್, ಪೇಸ್ಟು, ಒಂದು ಚಿತ್ರಪಟ, ಇಷ್ಟನ್ನಾದರೂ ಕೊಡಬೇಕು. ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ.

ಹಾಗಾದರೆ ನಿಮ್ಮ ಊರಿಗೆ ಯಾವುದು?

ಅಂಗನವಾಡಿ ಇದ್ದು, ಹಣ ತೀರಾ ಕಡಿಮೆಯಿದ್ದರೆ ಯೋಚನೆಯೇ ಬೇಡ: ಮೂರರಿಂದ ಆರು ವರ್ಷದವರಿಗೆ ದಿನವೂ ಹಲ್ಲುಜ್ಜಿಸುವುದು, ತಿಂಗಳ ತಾಯಂದಿರ ಸಭೆಯಲ್ಲಿ ತುಟಿ ಎತ್ತಿ ನೋಡುವುದು. ಮೂರು ತುಂಬದ ಮಗುವಿಗೆ ಪೇಸ್ಟು ಅಕ್ಕಿಕಾಳಿನಷ್ಟು ಮಾತ್ರ.

ಕಿರಿಯ, ಹಿರಿಯ ಪ್ರಾಥಮಿಕ ಶಾಲೆಗಾದರೆ ದಿನವೂ ಹಲ್ಲುಜ್ಜಿಸುವುದನ್ನು ಬುನಾದಿಯಾಗಿಟ್ಟುಕೊಂಡು, ಒಂದು-ಎರಡನೇ ತರಗತಿಗೆ ಸೀಲೆಂಟಿಗಾಗಿ ಕಾಲೇಜಿನ ಶಿಬಿರ ಕರೆಯಿರಿ. ಆಗ ಶಿಬಿರಕ್ಕೆ ಒಂದು ನಿರ್ದಿಷ್ಟ ಕೆಲಸವಿರುತ್ತದೆ, ಬಂದವರಿಗೂ ತೃಪ್ತಿ. ಪ್ರೌಢಶಾಲೆಯಲ್ಲಿ ದಿನವೂ ಉಜ್ಜಿಸುವುದು ಹೆಚ್ಚು ಕಾಲ ನಡೆಯಲಾರದು, ಆ ವಯಸ್ಸಿನವರು ನಾಚುತ್ತಾರೆ. ಅಲ್ಲಿ ತಪಾಸಣೆ, ಚಿಕಿತ್ಸೆ, ತಂಬಾಕಿನ ಮಾತು ಸಾಕು.

ಕಬ್ಬು ಕಡಿಯಲು ಬಂದವರ ಗುಡಿಸಲು, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡು, ಕೊಡಗು-ಚಿಕ್ಕಮಗಳೂರಿನ ಲೈನ್ ಮನೆಗಳ ಮಕ್ಕಳು ಮೂರು ತಿಂಗಳಿಗೆ ಇನ್ನೊಂದು ಕಡೆ ಇರುತ್ತಾರೆ. ಅವರಿಗೆ ಆರು ತಿಂಗಳ ಯೋಜನೆ ಹಾಕಿ ಪ್ರಯೋಜನವಿಲ್ಲ. ಒಂದೇ ಭೇಟಿಯಲ್ಲಿ ಆದಷ್ಟು ಕೆಲಸ ಮುಗಿಸುವ ಸಂಚಾರಿ ವಾಹನ, ಕಪ್ಪು ಔಷಧ, ಮನೆಗೊಂದು ಪೇಸ್ಟು, ತಲೆಗೊಂದು ಬ್ರಷ್, ಇದು ಅವರಿಗೆ ಸರಿ. ನನ್ನ ಒಟ್ಟು ನಿಲುವಿಗೆ ಇದೊಂದು ಅಪವಾದ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯ, ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಾದರೆ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿದ್ದರೆ ಊರಿನ ಮೊದಲ ಖರ್ಚು ಬ್ರಷ್ಷಿಗಲ್ಲ, ಶುದ್ಧ ನೀರಿನ ಘಟಕಕ್ಕೆ. ಅಡುಗೆಗೂ ಅದೇ ನೀರನ್ನು ಬಳಸುವಂತೆ ಮನೆಮನೆಗೆ ಹೇಳಬೇಕು, ಕುಡಿಯಲು ಮಾತ್ರ ತಂದರೆ ಸಾಲದು. ಶಾಶ್ವತ ಮುಂಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಮೊದಲ ವರ್ಷಗಳಲ್ಲೇ, ಫ್ಲೋರೈಡ್ ಅತಿಯಾಗಿ ಹೊಟ್ಟೆಗೆ ಹೋದರೆ ಬರುವ ಕಂದು ಕಲೆಗೆ ಬೀಜ ಬೀಳುತ್ತದೆ. ಹಾಗೆಂದು ಕಲೆಯಾದ ಹಲ್ಲು ಹುಳುಕಾಗುವುದಿಲ್ಲ ಎಂದೇನಿಲ್ಲ. ಇಲ್ಲಿಯೂ ಪೇಸ್ಟು ಬಳಸಬಹುದು, ಆದರೆ ಜಿಲ್ಲಾ ಆಸ್ಪತ್ರೆಯ ದಂತವೈದ್ಯರನ್ನು ಕೇಳಿ, ಚಿಕ್ಕವರಿಗೆ ಅಕ್ಕಿಕಾಳಿನಷ್ಟೇ, ಉಗಿಯಲು ಬರುವ ಮಕ್ಕಳಿಗೆ ಮಾತ್ರ, ದೊಡ್ಡವರ ಕಣ್ಣೆದುರಿಗೇ. ವಾರ್ನಿಷ್ ಬೇಕೇ ಬೇಡವೇ ಎಂಬುದನ್ನೂ ಅವರಿಗೇ ಬಿಡಿ.

ಕೊನೆಗೆ ಸಮಯದ ಮಾತು. ಶಾಲೆ ಶುರುವಾದ ಮೇಲೆ ಬ್ರಷ್ ಹುಡುಕಲು ಹೊರಟರೆ ದಸರಾ ಬಂದುಬಿಡುತ್ತದೆ. ಏಪ್ರಿಲ್-ಮೇ ರಜೆಯಲ್ಲೇ ಹಲಗೆ ಮಾಡಿಸಿ, ಸಗಟಿನಲ್ಲಿ ಬ್ರಷ್, ಪೇಸ್ಟು ತಂದಿಡಿ. ಪ್ರಾರಂಭೋತ್ಸವದ ವಾರದಲ್ಲಿ ಪೋಷಕರ ಸಭೆ ಕರೆದು ಒಪ್ಪಿಗೆ ಪಡೆಯಿರಿ. ಎರಡನೇ ವರ್ಷದ ಪೇಸ್ಟಿಗೂ ಹಣ ತೆಗೆದಿಟ್ಟುಕೊಂಡೇ ಮೊದಲ ವರ್ಷ ಶುರುಮಾಡಿ. ದಸರಾ ರಜೆಗೂ ಬೇಸಿಗೆ ರಜೆಗೂ ಬಿಡುವಾಗ ಹಳೆ ಬ್ರಷ್ಷನ್ನು ಮಗುವಿನ ಕೈಗೇ ಕೊಟ್ಟು ಜೊತೆಗೊಂದು ಸಣ್ಣ ಪೇಸ್ಟನ್ನೂ ಮನೆಗೆ ಕಳಿಸಿ, ಶಾಲೆ ತೆರೆದ ದಿನ ಹಲಗೆಗೆ ಹೊಸ ಬ್ರಷ್ ಹಾಕಿ.